ಮೊದಲ ಅತಿಥಿ ಮೋತಿ

ಹನುಮನಹಳ್ಳಿ
18 ನವೆಂಬರ್ 2024

ಶ್ರೀ ವೆಂಕೋಬ ಅವರಿಗೆ ದಾನೇಶ್ವರಿಯ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ಮುನಿರಾಬಾದಿನಲ್ಲಿ ನೀವು ತೆರೆಯುತ್ತಿರುವ ನಾಯಿ ವಸತಿಗೃಹದ ಕರಪತ್ರದಲ್ಲಿ ಆ ಹೆಸರು ನನ್ನ ಅಂಗೈಯಷ್ಟು ದೊಡ್ಡದಾಗಿದೆ. ಕೆಳಗೆ 'ನಮ್ಮ ಇತಿಹಾಸ' ಎಂದು ಬೇರೆ ಅಚ್ಚು ಹಾಕಿಸಿದ್ದೀರಿ. ಸ್ಥಾಪಕರು ಹನುಮನಹಳ್ಳಿಯ ತಮ್ಮ ದನದ ಕೊಟ್ಟಿಗೆಯಲ್ಲಿ ಒಂದೇ ನಾಯಿಯಿಂದ ಆರಂಭಿಸಿದರಂತೆ. ಕೊಟ್ಟಿಗೆ ನಿಜ, ನಾಯಿಯೂ ನಿಜ. ಸ್ಥಾಪಕರು ಆಗ ಎಲ್ಲಿದ್ದರು?

ನೆನಪು ಮಾಡಿಕೊಡುತ್ತೇನೆ. ನೀವು ಹನುಮ ಮಾಲೆ ಹಾಕಿಕೊಂಡ ವರ್ಷ ಅತ್ತೆ, "ಮಾಲಿ ಇಳಸೂತನಕ ನಾಯಿ ಒಳಗ ಬರಬಾರದು" ಎಂದರು. ಮೋತಿಯನ್ನು ಖಾಲಿ ಕೊಟ್ಟಿಗೆಯಲ್ಲಿ ಕಟ್ಟಿದೆ. ಅನ್ನ ಮುಟ್ಟದೆ ಊಳಿಟ್ಟಿತು. ನೀವು ಬಿಚ್ಚಿಟ್ಟ ನೀಲಿ ಅಂಗಿಯನ್ನು ಒಗೆಯದೆ ಹಾಗೇ ಹಾಸಿದೆ. ಬೆವರಿನ ವಾಸನೆಗೆ ಮೂಗಿಟ್ಟು ಮಲಗಿತು. ಅದನ್ನು ಕಂಡು ಓಣಿಯ ಮಾಲೆ ಹಾಕಿದವರೆಲ್ಲ ತಮ್ಮ ನಾಯಿಗಳನ್ನು ತಂದು ಬಿಟ್ಟರು. ಉಟ್ಟು ಬಿಟ್ಟ ಬಟ್ಟೆಯೊಂದನ್ನು ಜೊತೆಗೆ ಕೊಡಬೇಕು, ಒಗೆದಿರಬಾರದು ಎಂದು ನಾನೇ ಕಟ್ಟುನಿಟ್ಟು ಮಾಡಿದೆ. ಆಮೇಲೆ ಅಂಜನಾದ್ರಿ ಬೆಟ್ಟಕ್ಕೆ ಬರುವ ಪ್ರವಾಸಿಗರೂ ಕೇಳಿಕೊಂಡು ಬರತೊಡಗಿದರು. ಇತಿಹಾಸ ಇಷ್ಟೇ.

ಅಂಜನಾದ್ರಿಯಲ್ಲಿ ಮಾಲೆ ಇಳಿಸಿದವರೆಲ್ಲ ನೆಟ್ಟಗೆ ಕೊಟ್ಟಿಗೆಗೆ ಬಂದು ತಂತಮ್ಮ ನಾಯಿ ಬಿಡಿಸಿಕೊಂಡು ಹೋದರು. ನೀವೊಬ್ಬರೇ ಬರಲಿಲ್ಲ. ಮುನಿರಾಬಾದಿನ ಶ್ವೇತಾಳ ಮನೆ ಸೇರಿದಿರಿ. ವ್ರತ ಮಾಡಿ ಹೆಂಡತಿಯನ್ನು ಬಿಟ್ಟವರನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಈಗಲೂ ನನ್ನ ಜೊತೆಗೇ ಇದ್ದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೂ ಕರಪತ್ರ ಓದಿ ಹೇಳಿದಾಗ, "ನಾಯಿ ಬಿಟ್ಟವರು ತಿರುಗಿ ಬರ್ತಾರವ್ವ, ನನ್ನ ಮಗ ನಿನ್ನನ್ನ ನಾಯಿಗಿಂತ ಕಡಿಮಿ ಮಾಡ್ಯಾನ" ಎಂದು ಕಣ್ಣೊರೆಸಿಕೊಂಡರು.

ಈಗ ನಿಮ್ಮ ಗೆಳೆಯ ರವಿಕುಮಾರನ ಕೈಲಿ ಹೇಳಿ ಕಳಿಸಿದ್ದೀರಿ: "ಮೋತಿನ್ನ ಕಳಸು. ಉದ್ಘಾಟನಿ ದಿನ ಹಾರ ಹಾಕಿ ಕುಂದ್ರಸ್ತೀವಿ, ನಮ್ಮ ಮೊದಲ ಅತಿಥಿ ಅದು." ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನಾಯಿ ನೆನಪಾಯಿತು, ಅದಕ್ಕೆ ಅನ್ನ ಹಾಕಿದವಳು ನೆನಪಾಗಲಿಲ್ಲ. ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇನು.

ಮೋತಿಯನ್ನು ಕಳಿಸುವುದಿಲ್ಲ. ಅದಕ್ಕೆ ನಿಮ್ಮ ನೆನಪೇ ಇಲ್ಲ. ನೀಲಿ ಅಂಗಿಯನ್ನು ಎಂದೋ ಒಗೆದು ನೆಲ ಒರೆಸಲು ಹಾಕಿದ್ದೇನೆ. ಕರಪತ್ರದಿಂದ ನನ್ನ ಕೊಟ್ಟಿಗೆಯ ಮಾತು ತೆಗೆಸಿ. ನಿಮ್ಮ ಇತಿಹಾಸ ಶ್ವೇತಾಳ ಮನೆಯಿಂದಲೇ ಶುರುವಾಗಲಿ.

ಇತಿ,
ಕೊಟ್ಟಿಗೆಯ ದಾನೇಶ್ವರಿ

ತಾ.ಕ.: ಸುಳ್ಳು ಬರೆದು ಕವರು ಅಂಟಿಸಲು ಕೈ ಬರಲಿಲ್ಲ. ಮೋತಿ ಹೋದ ಶ್ರಾವಣದಲ್ಲಿ ಸತ್ತಿತು. ಯಾರ ಗಾಡಿ ಸದ್ದಾದರೂ ನೀವೇ ಎಂದು ಬಾಗಿಲಿಗೆ ಓಡುವುದನ್ನು ಕೊನೆಯವರೆಗೂ ಬಿಡಲಿಲ್ಲ. ಅಂಗಿಯನ್ನೂ ಅದರ ಜೊತೆ ಹೂಳಲು ಅತ್ತೆ ಹೇಳಿದರು. ಹೂಳಲಿಲ್ಲ. ಈಗ ಅದು ನನ್ನ ತಲೆದಿಂಬಿನ ಮೇಲಿದೆ, ಇನ್ನೂ ಒಗೆದಿಲ್ಲ.