ಸಿಮೆಂಟ್ ಬುಟ್ಟಿಯಲ್ಲಿ ಕಲಸಿದ ಮೆಹಂದಿ

ಅವ್ವಾ,

ನಿನ್ನೆ ನಾನೂ ತಲೆಗೆ ಬಣ್ಣ ಹಚ್ಚಿಕೊಂಡೆ. ಕೂಲಿಯವರು ಬಂದು ನಿಲ್ಲುವ ಚಿಂಬಲ್ ನಾಕಾದಲ್ಲಿ ಕೂದಲು ನರೆತ ಹೆಂಗಸನ್ನು ಮುಕಾದಮ ಈಗಲೂ ಕೆಲಸಕ್ಕೆ ಕರೆಯುವುದಿಲ್ಲ. ಇಟ್ಟಿಗೆ ಹೊರುವುದು ಕೂದಲಲ್ಲ, ಕುತ್ತಿಗೆ ಎಂದು ಅವನಿಗೆ ಯಾರು ಹೇಳಬೇಕು?

ಕಬ್ಬಿಣದಲ್ಲಿ ಕಲಸಿದರೆ ಬಣ್ಣ ಕಪ್ಪೇರುತ್ತದೆ ಅನ್ನುತ್ತಿದ್ದೆ ನೀನು. ನಾನು ಸಿಮೆಂಟ್ ಹೊರುವ ಕಬ್ಬಿಣದ ಬುಟ್ಟಿಯಲ್ಲೇ ಮೆಹಂದಿ ಕಲಸಿದೆ. ತಳಕ್ಕೆ ಅಂಟಿದ್ದ ಸಿಮೆಂಟು ಅದನ್ನು ಕೆಡಿಸಿತು, ತಲೆಯೆಲ್ಲ ಕೆಂಪಗಾಯಿತು.

ಪಕ್ಕದ ಮನೆಯ ತುಳಸಿಬಾಯಿ ನಕ್ಕಳು. "ಏ ನಂದಾ, ಗೋಡಿಗೆ ಇಟ್ಟಂಗಿ ಕಮ್ಮಿ ಬಿದ್ರ ನಿನ್ನ ತಲೀನ ಇಡಬಹುದು ನೋಡ." ಆಮೇಲೆ ಅವಳೇ ಭಜಿ ಕರಿಯುವ ಕಬ್ಬಿಣದ ಕಡಾಯಿಯಲ್ಲಿ ಚಹಾದ ನೀರಿಗೆ ಕರಿ ಮೆಹಂದಿ ಕಲಸಿ ಮೇಲೆ ಹಚ್ಚಿದಳು. ತೊಳೆದಾಗ ನೀರು ಕರ್ರಗೆ ಹರಿಯಿತು. ನಿನಗೆ ಕೊನೆಯ ಸ್ನಾನ ಮಾಡಿಸಿದಾಗಲೂ ಹಾಗೇ ಹರಿದಿತ್ತು. ತುಳಸಿಬಾಯಿ ನನ್ನ ಮುಖ ಎತ್ತಿ ನೋಡಿದಳು.

"ನಿಮ್ಮವ್ವನ ಬಂದ ಕುಂತಾಂಗ ಆತಲ್ಲ" ಎಂದಳು.

ಇವತ್ತು ಮುಕಾದಮ ನನ್ನನ್ನೇ ಮೊದಲು ಆರಿಸಿದ. "ನೀ ಹರೇದಾಕಿ, ಮ್ಯಾಲ ಸ್ಲ್ಯಾಬಿಗೆ ನಡಿ" ಅಂದ. ಬಣ್ಣ ಹಚ್ಚಿದ ಮರುದಿನ ಪರ್ವರಿಯ ಕಟ್ಟಡದಲ್ಲಿ ನಿನ್ನನ್ನೂ ಹೀಗೇ ಮೇಲೆ ಕಳಿಸಿದ್ದರು. ನೀನು ಇಳಿದು ಬರಲಿಲ್ಲ, ಬಿದ್ದೆ.

ಟೆಂಪೊ ಹತ್ತುವಾಗ, ಕೆಲಸ ಸಿಗದೆ ನಿಂತಿದ್ದ ನರೆಗೂದಲ ಹೆಂಗಸೊಬ್ಬಳು ನನ್ನ ಸೆರಗು ಹಿಡಿದಳು.

"ಏನ್ ಹಚ್ಚೀಯವ್ವಾ ತಲಿಗೆ? ನನಗೂ ಒಂದೀಟ ಹೇಳ."

ಬುಟ್ಟಿ ಬೇಡ, ಕಡಾಯಿ ಇರಲಿ, ಚಹಾದ ನೀರು ಹಾಕು ಎಂದು ಎಲ್ಲ ಹೇಳಿಕೊಟ್ಟೆ. ನೀನು ಬಿದ್ದದ್ದನ್ನು ಹೇಳಲಿಲ್ಲ.