ಮೊದಲ ವಾಕ್ಯದಲ್ಲಿ ಅಮ್ಮ

ಸೋಮವಾರ, ಮಧ್ಯಾಹ್ನ

ಮುದ್ದು ಚಿನ್ನು,

ಎದುರು ಕೂತು ಕೇಳಿದರೆ ನೀನು ಏನಾದರೂ ಹೇಳಿ ಜಾರಿಕೊಳ್ಳುತ್ತೀಯ. ಅದಕ್ಕೇ ಇದನ್ನು ಬರೆದು ನಿನ್ನ ಲ್ಯಾಪ್‌ಟಾಪ್ ಚೀಲದಲ್ಲಿ ಇಡುತ್ತಿದ್ದೇನೆ.

ನನಗೆ ಅನುಮಾನ ಹುಟ್ಟಿ ತಿಂಗಳಾಯಿತು. ಚಿಕ್ಕಂದಿನಿಂದ ನಿನ್ನ ಭಾಷಣಗಳನ್ನೆಲ್ಲ ತಿದ್ದಿದವಳು ನಾನು. ನಿನ್ನ ಕಂಪನಿಗೆ ಹಣ ಹಾಕುವವರ ಮುಂದೆ ಆಡುವ ಮಾತನ್ನೂ ನೀನು ಮೊದಲು ನನ್ನೆದುರೇ ಅಭ್ಯಾಸ ಮಾಡಿದ್ದೆ: ಅಮ್ಮ ಬಚ್ಚಲಲ್ಲಿ ಜಾರಿಬಿದ್ದರು, ನಾನು ಪಕ್ಕದ ಕೋಣೆಯಲ್ಲಿದ್ದುದರಿಂದ ಉಳಿದರು, ಒಂಟಿಯಾಗಿರುವವರಿಗಾಗಿ, ಬಿದ್ದರೆ ತಾನೇ ಹೊಡೆದುಕೊಳ್ಳುವ ಈ ಎಚ್ಚರಿಕೆ ಗಂಟೆ ಮಾಡಿದ್ದೇವೆ. ಚೆನ್ನಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿಕೊಂಡು ಅಭ್ಯಾಸ ಶುರುವಾಯಿತು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಆಲ್ಬಮ್ಮಿನಿಂದ ನನ್ನದೊಂದು ಫೋಟೋ ಮಾಯವಾಯಿತು. ಕೇಳಿದರೆ, ಇಲಿ ಎಳೆದುಕೊಂಡು ಹೋಗಿರಬೇಕು ಅಂತ ನೀನು ಹೇಳಿದೆ. ಇಲಿಗೆ ನನ್ನ ಮೇಲೆ ಯಾಕಮ್ಮಾ ಅಷ್ಟು ಪ್ರೀತಿ?

ಶುಕ್ರವಾರ ನೀನು ಮರೆತುಹೋದ ಚಾರ್ಜರ್ ಹಿಡಿದು ನಿನ್ನ ಆಫೀಸಿಗೆ ಹೋಗಿದ್ದೆ. ನೀನಿರಲಿಲ್ಲ. ನಿನ್ನ ಪಾಲುದಾರ, ಆ ಗುಂಗುರು ಕೂದಲಿನವನು, ನನ್ನನ್ನು ಕಂಡಿದ್ದೇ ದೆವ್ವ ನೋಡಿದವನಂತೆ ಬೆಚ್ಚಿಬಿದ್ದ. ಗೋಡೆಯ ಪರದೆಯ ಮೇಲೆ ಇಲಿ ಎಳೆದ ಫೋಟೋ ಇತ್ತು. ಕೆಳಗೆ ನಾನು ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಗೆರೆಯ ಆಚೆ ಕಳೆದ ವರ್ಷ.

ಅವನು ತಡವರಿಸುತ್ತ ಎಲ್ಲ ಹೇಳಿದ. ಬದುಕಿರೋ ಅಮ್ಮನ ಕಥೆ ಹೇಳಿದ್ರೆ ಎಲ್ರೂ ಮೊಬೈಲ್ ನೋಡ್ಕೊಂಡು ಕೂತ್ಕೋತಾರೆ ಆಂಟಿ, ತೀರ್ಕೊಂಡ್ರು ಅಂದಾಗ ಒಬ್ರು ಕನ್ನಡಕ ತೆಗೆದು ಕಣ್ಣೊರೆಸ್ಕೊಂಡ್ರು ಅಂದ. ಹಣ ಹಾಕಲು ಒಪ್ಪಿದ್ದೂ ಅವರೇ ಅಂತೆ.

ನನಗೆ ಸಿಟ್ಟು ಬಂತು, ಚಿನ್ನು. ಸಿಟ್ಟಿಗಿಂತ ಭಯವೇ ಹೆಚ್ಚು. ಮೊದಲ ವಾಕ್ಯವೇ ಸುಳ್ಳು ಅಂತ ಗೊತ್ತಾದರೆ, ನಿನ್ನ ಗಂಟೆ ನಿಜವಾಗಿ ಹೊಡೆದುಕೊಂಡರೂ ಯಾರು ನಂಬುತ್ತಾರೆ? ಇಷ್ಟು ದಿನದ ದುಡಿಮೆಯೆಲ್ಲ ನೀರುಪಾಲಾಗುತ್ತದೆ. ಗುರುವಾರ ಹಣದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅವರಿಗೆ ನಿಜ ಹೇಳಿಬಿಡು. ಬೇಕಾದರೆ ನಾನೂ ಪಕ್ಕದಲ್ಲಿ ಬಂದು ಕೂರುತ್ತೇನೆ. ಸುಳ್ಳು ಹೇಳಿ ಬಾಳಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಇನ್ನೂ ಉಸಿರಾಡುತ್ತಿರುವ,
ನಿನ್ನ ಅಮ್ಮ

ಬರೆಯಲೋ ಬೇಡವೋ ಅಂತಿದ್ದೆ: ನಿನ್ನೆ ಆ ಕನ್ನಡಕದವರು ಮನೆಗೆ ಫೋನ್ ಮಾಡಿದ್ದರು. ಯಾರು ಮಾತಾಡ್ತಿರೋದು ಅಂತ ಕೇಳಿದರು. ನಿನ್ನ ಮಾನ ಹೋಗಬಾರದೆಂದು, ಅವಳ ದೊಡ್ಡಮ್ಮ ಅಂದುಬಿಟ್ಟೆ. ಇಂಥ ಮಗಳನ್ನ ಹೆತ್ತ ನಿಮ್ಮ ತಂಗಿ ಪುಣ್ಯವಂತೆ ಅಂದರು. ಹೌದು, ಪುಣ್ಯವಂತೆಯಾಗಿದ್ದಳು ಅಂದೆ. ಫೋನ್ ಇಟ್ಟ ಮೇಲೆ ಅವಳಿಗಾಗಿ ತುಂಬಾ ಅಳು ಬಂತು.