ಕಾಡು ಸೋವಿದವರು

ಆನಂದಪುರ
8 ಜನವರಿ 2025

ಜನರಲ್ ನಾಗೇಂದ್ರ ಸಾಹೇಬರಿಗೆ ಸುಬೇದಾರ್ ಶೇಷಪ್ಪನ ನಮಸ್ಕಾರಗಳು.

ಭಾನುವಾರ ಸಾಗರದಲ್ಲಿ ನಡೆಯುವ ನಿಮ್ಮ ಸನ್ಮಾನದಲ್ಲಿ ನಿಮ್ಮ ಬಾಲ್ಯದ ಬಗ್ಗೆಯೂ ಯುದ್ಧದ ಬಗ್ಗೆಯೂ ಮಾತಾಡಲು ನನ್ನನ್ನು ಕೇಳಿದ್ದಾರೆ. ಏನು ಹೇಳುತ್ತೇನೆಂದು ನಿಮಗೆ ಮೊದಲೇ ತಿಳಿದಿರಲಿ.

ನಮ್ಮೂರ ಹಂದಿ ಬೇಟೆಯಿಂದ ಶುರುಮಾಡುತ್ತೇನೆ. ನಾವು ಹುಡುಗರು ಕೂಗುತ್ತ ಕಾಡು ಸೋವಿ ಹಂದಿಯನ್ನು ಓಡಿಸುತ್ತಿದ್ದೆವು. ಕೋವಿ ಹಿಡಿದು ನೀವು ಆಚೆ ಕಾದಿರುತ್ತಿದ್ದಿರಿ. ಒಮ್ಮೆ ಹಂದಿ ತಿರುಗಿಬಿದ್ದು ನಮ್ಮ ಜೊತೆ ಸೋವುತ್ತಿದ್ದ ಸುಬ್ಬಪ್ಪನ ತೊಡೆ ಸೀಳಿತು. ನೀವು ಅವನನ್ನು ದಾಟಿಹೋಗಿ ಅದಕ್ಕೆ ಗುಂಡು ಹೊಡೆದಿರಿ. ಊರು ನಿಮ್ಮನ್ನು ಹೊಗಳಿತು.

ಗಡಿಯ ಗುಡ್ಡದಲ್ಲೂ ನೀವು ಅದನ್ನೇ ಮಾಡಿದಿರಿ. ಶತ್ರುವನ್ನು ನಿಮ್ಮ ಮೆಷಿನ್‌ಗನ್ನುಗಳ ಕಡೆಗೆ ಓಡಿಸಲು ನಮ್ಮ ತುಕಡಿಗೆ ಕೂಗುತ್ತ ಹತ್ತುವಂತೆ ಹೇಳಿದಿರಿ. ನಮ್ಮೂರ ಬೇಟೆಯ ಕಥೆ ನನ್ನಿಂದ ಕೇಳಿದ್ದ ಹೊಸನಗರದ ಸಿಪಾಯಿ ದುರ್ಗೇಶ ನಕ್ಕ: “ಶೇಷಣ್ಣ, ಹಂದಿ ಹತ್ರ ಕೋವಿ ಇರಲ್ಲ ಅಂತ ಸಾಹೇಬ್ರಿಗೆ ಯಾರಾದ್ರೂ ನೆನಪು ಮಾಡ್ರಪ್ಪ.”

ಮೊದಲ ಗುಂಡು ಅವನ ದವಡೆಯನ್ನೇ ಹಾರಿಸಿತು. ಅವನು ಬಹಳ ಹೊತ್ತು ಬದುಕಿದ್ದ. ತುಕಡಿಯಲ್ಲಿ ಮೂವರು ಉಳಿದೆವು. ಗುಡ್ಡ ಗೆದ್ದದ್ದಕ್ಕೆ ನಿಮಗೆ ಪದಕ ಬಂತು.

ಮಗ ನೋವಿಲ್ಲದೆ ಹೋದ ಎಂದು ನೀವು ದುರ್ಗೇಶನ ತಾಯಿ ಮಾಸ್ತಮ್ಮನವರಿಗೆ ಹೇಳಿದ್ದಿರಿ. ಮೊನ್ನೆ ಅವರು ನನ್ನನ್ನು ಕೇಳಿದರು: “ಅಲ್ಲಿ ಎಂತಾಯ್ತು ಅಂತ ನಾನು ಸಾಯೋದ್ರೊಳಗೆ ಹೇಳು ಮಾರಾಯ.”

ಭಾನುವಾರ ಅವರನ್ನೂ ಕರೆತರುತ್ತೇನೆ. ಅವರಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾಗದು. ದಯವಿಟ್ಟು ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿ.

ನೀವೇ ಹೇಳುವುದಾದರೆ ನಾನು ಸುಮ್ಮನಿರುತ್ತೇನೆ. ಇಲ್ಲದಿದ್ದರೆ ಅವರ ಮುಂದೆ ನಾನೇ ಹೇಳುವುದೆಂದು ತೀರ್ಮಾನಿಸಿದ್ದೇನೆ.

ನಿಮ್ಮ ತುಕಡಿಯ
ಶೇಷಪ್ಪ